ಬೆಸ ದಿನದವಳು

ನಿರುಪಮಾಳಿಗೆ ಸಿಟ್ಟು ಬರುವುದು ನಿಧಾನ, ಬಂದರೆ ಇಳಿಯುವುದು ಇನ್ನೂ ನಿಧಾನ. ಹೂಸ್ಟನ್ನಿನ ಕನ್ನಡ ಕೂಟದಲ್ಲಿ ಆರು ವರ್ಷ ಪಲಾವು ಬಡಿಸಿ, ಕುರ್ಚಿ ಜೋಡಿಸಿ, ಕಾರ್ಯಕ್ರಮ ಮುಗಿದ ಮೇಲೆ ಕಸ ಗುಡಿಸಿದ ಈ ಹೆಂಗಸಿನ ಹೊಟ್ಟೆಯೊಳಗೆ ಅಂಥ ಕಿಚ್ಚು ಇದ್ದೀತೆಂದು ಯಾರೂ ಎಣಿಸಿರಲಿಲ್ಲ. ಎಣಿಸುವುದಕ್ಕೆ ಮೊದಲು ಅವಳ ಹೆಸರಾದರೂ ಗೊತ್ತಿರಬೇಕಲ್ಲ! ಕೂಟದ ಸದಸ್ಯರ ಪಟ್ಟಿಯಲ್ಲಿ ಅವಳು ‘ಶ್ರೀಮತಿ ಗದಿಗೆಪ್ಪ’. ಹಬ್ಬದ ದಿನ ಸೀರೆಗೆ ಅಂಟಿಸಿಕೊಳ್ಳಲು ಕೊಡುತ್ತಿದ್ದ ಚೀಟಿಯಲ್ಲೂ ಅದೇ. ಆ ಕೂಟದಲ್ಲಿ ಹೆಂಗಸರಿಗೆಲ್ಲ ಗಂಡಂದಿರ ಹೆಸರೇ ಬರೆಯುವ ರೂಢಿ. ಅದನ್ನು ಮಾಡಿಟ್ಟವರು ಗಂಡಸರು, ಸುಂದರವಾದ ಅಕ್ಷರಗಳಲ್ಲಿ ಬರೆದು ಹಂಚುತ್ತಿದ್ದವರು ಹೆಂಗಸರು.

ಮದುವೆಗೆ ಮೊದಲು ಅವಳು ಹೀಗಿರಲಿಲ್ಲ. ಧಾರವಾಡದಲ್ಲಿ ಎರಡು ವರ್ಷ ರಷ್ಯನ್ ಕಲಿತು, ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಹಳೆಯ ಸೋವಿಯತ್ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತರುವ ಕೆಲಸದಲ್ಲಿದ್ದಳು. ಯಂತ್ರ ಕೆಟ್ಟರೆ ದೊಡ್ಡ ದೊಡ್ಡ ಇಂಜಿನಿಯರುಗಳೇ ಅವಳ ಮೇಜಿಗೆ ಬಂದು ನಿಲ್ಲುತ್ತಿದ್ದರು. ೧೯೯೬ರಲ್ಲಿ ಗದಿಗೆಪ್ಪನ ಕೈ ಹಿಡಿದು ಹೂಸ್ಟನ್ ಪಶ್ಚಿಮದ ಕೇಟಿಗೆ ಬಂದಳು. ಪಾಸ್‌ಪೋರ್ಟಿನಲ್ಲಿ ಒತ್ತಿದ ವೀಸಾ ಅವಳು ಗಂಡನ ಅವಲಂಬಿತೆ, ದುಡಿಯುವಂತಿಲ್ಲ ಎಂದಿತು. ಗದಿಗೆಪ್ಪ ಬೆಳಿಗ್ಗೆ ಐ-ಟೆನ್ ಹೆದ್ದಾರಿ ಹಿಡಿದು ಆಫೀಸಿಗೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಏಸಿಯದೊಂದೇ ಸದ್ದು.

ಆರುಸ್ಯಾಕ್ ಸಿಕ್ಕಿದ್ದು ಕೇಟಿಯ ಲೈಬ್ರರಿಯಲ್ಲಿ, ೨೦೦೦ದಲ್ಲಿ. ಎಪ್ಪತ್ತು ದಾಟಿದ ಒಬ್ಬ ಮುದುಕಿ ಜೆರಾಕ್ಸ್ ಯಂತ್ರದ ಮುಂದೆ ನಿಂತು ಅದಕ್ಕೆ ರಷ್ಯನ್ನಿನಲ್ಲಿ ಬೈಯುತ್ತಿದ್ದಳು. ಆ ಬೈಗುಳಗಳನ್ನು ಹುಬ್ಬಳ್ಳಿಯ ಕಾರ್ಖಾನೆಗೆ ಬರುತ್ತಿದ್ದ ರಷ್ಯನ್ನರ ಬಾಯಲ್ಲಿ ಕೇಳಿ ಬಲ್ಲ ನಿರುಪಮಾಳಿಗೆ ನಗು ತಡೆಯಲಾಗಲಿಲ್ಲ. ಮುದುಕಿ ತಿರುಗಿ ನೋಡಿದಳು. ಹತ್ತು ನಿಮಿಷದಲ್ಲಿ ಇಬ್ಬರೂ ಲೈಬ್ರರಿಯ ಹೊರಗಿನ ಬೆಂಚಿನ ಮೇಲೆ ಕೂತು, ನಾಲ್ಕು ವರ್ಷ ಬಾಯಿ ಕಟ್ಟಿದ್ದವರ ಹಾಗೆ ಮಾತಾಡುತ್ತಿದ್ದರು. ಆರುಸ್ಯಾಕ್ ಅರ್ಮೇನಿಯಾದ ಯೆರೆವಾನ್ ಊರಿನವಳು. ಅಲ್ಲಿ ಗಣಕಯಂತ್ರಗಳ ಸಂಸ್ಥೆಯೊಂದರಲ್ಲಿ ಗಣಿತಜ್ಞೆಯಾಗಿದ್ದವಳು, ಈಗ ಎಣ್ಣೆ ಕಂಪನಿಯಲ್ಲಿದ್ದ ಮಗನ ಮನೆಯಲ್ಲಿ ಮೊಮ್ಮಕ್ಕಳಿಗೆ ಟೋಸ್ಟ್ ಮಾಡಿಕೊಡುತ್ತ ಇದ್ದಳು. ಸೋವಿಯತ್ ಮುಗಿದ ಮೇಲೆ ಯೆರೆವಾನಿನಲ್ಲಿ ಕರೆಂಟಿಲ್ಲದೆ ಕಳೆದ ಚಳಿಗಾಲಗಳಲ್ಲಿ, ಕೋಟು ಹೊದ್ದುಕೊಂಡು, ವೈಜ್ಞಾನಿಕ ಕಥೆಗಳನ್ನು ಬರೆಯಲು ಶುರುಮಾಡಿದ್ದಳಂತೆ.

ಆಮೇಲೆ ಪ್ರತಿ ಮಂಗಳವಾರ ಮಧ್ಯಾಹ್ನ ನಿರುಪಮಾ ಅವಳ ಅಡುಗೆಮನೆಯಲ್ಲಿ. ಆರುಸ್ಯಾಕ್ ಪುಟ್ಟ ಪಾತ್ರೆಯಲ್ಲಿ ಗಟ್ಟಿ ಕಾಫಿ ಕಾಯಿಸಿ, ಜರ್ದಾಳು ಹಣ್ಣಿನ ಜಾಮ್ ಮುಂದಿಟ್ಟು, ಅರ್ಮೇನಿಯನ್ನಿನಲ್ಲಿ ಬರೆದದ್ದನ್ನು ರಷ್ಯನ್ನಿನಲ್ಲಿ ಹೇಳುತ್ತಿದ್ದಳು. ನಿರುಪಮಾ ಅದನ್ನು ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು.

ಕಥೆ ಹೀಗಿತ್ತು. ಮುಂದೆಂದೋ ಒಂದು ಕಾಲದ ಯೆರೆವಾನ್. ಊರಿನ ಅರ್ಧ ಜನರನ್ನು ಬೆಚ್ಚಗಿಡುವಷ್ಟೇ ವಿದ್ಯುತ್ತು. ಸರ್ಕಾರ ಒಂದು ಉಪಾಯ ಹೂಡುತ್ತದೆ: ಒಂದು ದೇಹದಲ್ಲಿ ಇಬ್ಬರು ಬಾಳಬೇಕು, ಇನ್ನೊಂದು ದೇಹವನ್ನು ತಣ್ಣಗೆ ಕಾದಿಡಲಾಗುವುದು. ನೂನೆ ಎಂಬ ಹೆಂಗಸಿಗೆ ತಿಂಗಳ ಸಮ ದಿನಗಳು ಸಿಗುತ್ತವೆ. ಬೆಸ ದಿನಗಳಲ್ಲಿ ಅದೇ ದೇಹದಲ್ಲಿ ಏಳುವವಳು ಇನ್ನೊಬ್ಬಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುವಂತಿಲ್ಲ. ಮೂವತ್ತೊಂದರ ಮರುದಿನ ಒಂದನೆಯ ತಾರೀಖು, ಎರಡೂ ಬೆಸವೇ. ಹಾಗಾಗಿ ಮೂವತ್ತೊಂದು ದಿನದ ತಿಂಗಳು ಮುಗಿದಾಗಲೆಲ್ಲ ಬೆಸ ದಿನದವಳಿಗೆ ಸಾಲಾಗಿ ಎರಡು ದಿನ ಸಿಕ್ಕಿಬಿಡುತ್ತವೆ. ಆ ಹೆಚ್ಚಿನ ದಿನಗಳಲ್ಲಿ ನೂನೆಯ ಬದುಕು ಮೆಲ್ಲಗೆ ಸರಿಯುತ್ತದೆ. ಅವಳ ಅಕ್ಷರ ಬದಲಾಗುತ್ತದೆ. ಕಚೇರಿಯವರು ‘ನಿನ್ನೆ ಎಷ್ಟು ಚೆನ್ನಾಗಿ ಮಾತಾಡಿದೆ’ ಎನ್ನುತ್ತಾರೆ, ಇವಳಿಗೆ ಆ ನಿನ್ನೆಯೇ ಇಲ್ಲ. ಒಂದು ದಿನ ಎದ್ದು ಕೈ ನೋಡಿಕೊಂಡು, ಈ ಮೈಯೆಂಬ ಮನೆಗೆ ಬಂದು ಸೇರಿದವಳು ಅವಳೋ ನಾನೋ ಎಂದು ನೂನೆಗೇ ಗೊತ್ತಾಗದೆ ಹೋಗುತ್ತದೆ.

ಆ ಸಾಲನ್ನು ಬರೆಯುವಾಗ ನಿರುಪಮಾಳ ಪೆನ್ನು ನಿಂತಿತು. ಅವಳು ಅತ್ತಳು. ಆರುಸ್ಯಾಕ್ ಇನ್ನೊಂದು ಬಟ್ಟಲು ಕಾಫಿ ಬಗ್ಗಿಸಿದಳು.

ಮೂರು ಭಾಗ ಮುಗಿಯಿತು. ಕೊನೆಯ ಭಾಗ ಮಾತ್ರ ಬಾಕಿ. “ಅದನ್ನು ನಾನಿನ್ನೂ ಬರೆದಿಲ್ಲ, ನಿರಾ ಜಾನ್. ಅವಸರ ಮಾಡಬೇಡ” ಎಂದಳು ಮುದುಕಿ. ಜಾನ್ ಎಂದರೆ ಅವರಲ್ಲಿ ಪ್ರೀತಿಯಿಂದ ಕರೆಯುವ ಮಾತು.

ಇನ್ನು ತಿರುಮಲನ ವಿಚಾರ. ಬೆಂಗಳೂರಿನವನು, ಕೂಟದ ಕಾರ್ಯಕ್ರಮಗಳ ಖಾಯಂ ನಿರೂಪಕ, ಮೂರು ತಿಂಗಳಿಗೊಮ್ಮೆ ಬರುವ ‘ತಂಗಾಳಿ’ ಪತ್ರಿಕೆಯ ಸಂಪಾದಕ. ಮೈಕು ಕಂಡರೆ ಬಿಡುವ ಆಸಾಮಿಯಲ್ಲ. ಗದಿಗೆಪ್ಪನ ಆಫೀಸಿನಲ್ಲಿ ಅವನ ಮೇಲಿನವನೂ ಈತನೇ. ೨೦೦೧ರ ಯುಗಾದಿಗೆ ಮುಂಚೆ ಪತ್ರಿಕೆಗೆ ಸಾಮಗ್ರಿ ಸಾಲದೆ ಒದ್ದಾಡುತ್ತಿದ್ದವನಿಗೆ, ಗದಿಗೆಪ್ಪ ಹೆಮ್ಮೆಯಿಂದಲೇ ಹೆಂಡತಿಯ ನೋಟುಬುಕ್ಕು ಕೊಟ್ಟ. ಮೊದಲ ಪುಟದಲ್ಲಿ ನಿರುಪಮಾ ದುಂಡಗೆ ಬರೆದಿದ್ದಳು: ಅರ್ಮೇನಿಯನ್ ಮೂಲ ಆರುಸ್ಯಾಕ್, ಕನ್ನಡಕ್ಕೆ ನಿರುಪಮಾ.

ಪತ್ರಿಕೆ ಬಂತು. ದಪ್ಪ ಅಕ್ಷರಗಳಲ್ಲಿ ‘ಬೆಸ ದಿನದವಳು – ವೈಜ್ಞಾನಿಕ ಧಾರಾವಾಹಿ – ತಿರುಮಲ’ ಎಂದಿತ್ತು. ಕೊನೆಯ ಪುಟದಲ್ಲಿ, ಬಾಡಿಗೆ ಪಾತ್ರೆ ಕೊಟ್ಟವರಿಗೂ ಸಮೋಸ ತಂದವರಿಗೂ ಕೃತಜ್ಞತೆ ಹೇಳುವ ಸಾಲಿನಲ್ಲಿ, ‘ಸಹಾಯ: ಶ್ರೀಮತಿ ಗದಿಗೆಪ್ಪ’.

ಅವಳು ಅವನಿಗೆ ಫೋನ್ ಮಾಡಿದಳು.

“ನೋಡಿ ಮೇಡಂ, ಅರ್ಮೇನಿಯಾ ಗಿರ್ಮೇನಿಯಾ ಅಂತ ಹಾಕಿದ್ರೆ ಇಲ್ಲಿ ಯಾರ್ ಓದ್ತಾರೆ ಹೇಳಿ?” ಎಂದ ತಿರುಮಲ. “ನನ್ ಹೆಸ್ರಿದ್ರೆ ನಾಲ್ಕು ಜನ ಓದ್ತಾರೆ. ನಿಮ್ದೂ ಹಾಕಿದೀನಲ್ಲ ಕೊನೇಲಿ. ಅಡ್ಜಸ್ಟ್ ಮಾಡ್ಕೊಳಿ.”

ಸಂಜೆ ಗಂಡನೆದುರು ಪತ್ರಿಕೆ ಬಿಸಾಕಿದಳು. ಗದಿಗೆಪ್ಪ ಓದಿದ, ಮುಖ ಸಪ್ಪಗಾಯಿತು. ಕೆಟ್ಟವನಲ್ಲ ಪಾಪ, ಪುಕ್ಕಲ. “ಇದು ತಪ್ಪು ಖರೆ” ಎಂದ. “ಆದ್ರ ಈಗ ಬ್ಯಾಡ. ಗ್ರೀನ್ ಕಾರ್ಡಿನ ಕಾಗದಕ್ಕ ಅವನ ಸಹಿ ಬೇಕು. ಈ ವರ್ಷ ಮಂದೀನ್ನ ಮನಿಗೆ ಕಳಸ್ಲಿಕ್ಹತ್ಯಾರ. ಕಾರ್ಡ್ ಒಂದು ಆಗ್ಲಿ.”

“ಅಂವ ನನ್ನ ಹೆಸರು ತಿಂದಾನ. ನೀವು ಅವಂಗ ಉಪ್ಪಿನಕಾಯಿ ಬಡಸ್ರಿ” ಎಂದು ಅವಳು ಎದ್ದುಹೋದಳು.

ನೋಟುಬುಕ್ಕು ತಿರುಮಲನ ಹತ್ತಿರವೇ ಇತ್ತಲ್ಲ, ಎರಡನೆಯ ಭಾಗ, ಮೂರನೆಯ ಭಾಗ ಅವನ ಹೆಸರಿನಲ್ಲೇ ಬಂದವು. ಜನ ಬಿದ್ದು ಓದಿದರು. ಆಸ್ಟಿನ್ನಿನ ಸಾಫ್ಟ್‌ವೇರ್ ಹುಡುಗರು ಇ-ಮೇಲ್‌ನಲ್ಲಿ ಹಂಚಿಕೊಂಡರು, ಡಾಲಸ್ಸಿನವರು ಹೆಚ್ಚು ಪ್ರತಿ ಕೇಳಿದರು. ‘ಈ ವಿದೇಶಿ ಹೆಸರುಗಳು, ಈ ಹಿಮ, ಇದೆಲ್ಲ ಹೇಗೆ ಹೊಳೆಯುತ್ತೆ ನಿಮಗೆ?’ ಎಂದು ಕೂಟದ ಊಟದಲ್ಲಿ ಒಬ್ಬರು ಕೇಳಿದಾಗ ತಿರುಮಲ ಕಣ್ಣು ಅರೆ ಮುಚ್ಚಿ ‘ಕಲ್ಪನೆ ಸಾರ್’ ಎಂದ. ಅದನ್ನು ನಿರುಪಮಾ ಸಾಂಬಾರ್ ಬಕೆಟ್ಟು ಹಿಡಿದುಕೊಂಡೇ ಕೇಳಿಸಿಕೊಂಡಳು. ಅವನ ತಟ್ಟೆಗೆ ಬಡಿಸಿದಳು ಕೂಡ. ಆ ಹೊತ್ತು ಬಕೆಟ್ಟನ್ನು ಪೂರ್ತಿ ಅವನ ತಲೆಯ ಮೇಲೆ ಸುರಿದಿದ್ದರೆ ನಾವೇನೂ ಅವಳಲ್ಲಿ ತಪ್ಪು ಹಿಡಿಯುತ್ತಿರಲಿಲ್ಲ. ಅವಳು ಸುರಿಯಲಿಲ್ಲ. ಸಾಂಬಾರು ತೊಳೆದರೆ ಹೋಗುತ್ತದೆ, ಅವಳಿಗೆ ತೊಳೆದರೂ ಹೋಗದಂಥದ್ದು ಬೇಕಾಗಿತ್ತು.

೨೦೦೨ರ ಯುಗಾದಿಯನ್ನು ಹೂಸ್ಟನ್, ಆಸ್ಟಿನ್, ಡಾಲಸ್ ಮೂರೂ ಊರಿನ ಕೂಟಗಳು ಡಾಲಸ್ಸಿನಲ್ಲಿ ಒಟ್ಟಿಗೆ ಮಾಡುವುದೆಂದು ನಿಶ್ಚಯವಾಯಿತು. ತಿರುಮಲನಿಗೆ ಶಾಲು ಹೊದಿಸುವುದು, ಅವನು ಕಥೆಯ ಕೊನೆಯ ಭಾಗವನ್ನು ವೇದಿಕೆಯ ಮೇಲೆ ಮೊದಲ ಬಾರಿಗೆ ಓದುವುದು. ಸಾಹಿತಿ ಮಹಾಶಯ ಆಗ ಮನೆಗೇ ಬಂದ, ಮೈಸೂರು ಪಾಕಿನ ಡಬ್ಬಿ ಹಿಡಿದು.

“ಮೇಡಂ, ಕೊನೇ ಭಾಗ ಕೊಟ್ಬಿಡಿ. ಗದಿಗೆಪ್ಪಂದು ಲೆಟರ್ ನನ್ ಟೇಬಲ್ ಮೇಲೇ ಇದೆ, ಈ ತಿಂಗಳಲ್ಲೇ ಸೈನ್ ಮಾಡ್ತೀನಿ” ಎಂದ. ಎರಡು ವಾಕ್ಯಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದ.

ಗದಿಗೆಪ್ಪ ನೆಲ ನೋಡಿದ. ನಿರುಪಮಾ ಮೈಸೂರು ಪಾಕಿನ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಆತ್ರಿ, ಬರದು ಕೊಡ್ತೀನಿ. ಮೊದಲು ಸಹಿ ಆಗ್ಲಿ” ಎಂದಳು. ಸಹಿ ಮರುವಾರವೇ ಆಯಿತು, ಕಾಗದ ಸರ್ಕಾರಕ್ಕೂ ಹೋಯಿತು.

ಕೊನೆಯ ಭಾಗ ಅವಳ ಹತ್ತಿರ ಇರಲೇ ಇಲ್ಲ. ಆರುಸ್ಯಾಕ್ ಲಾಸ್ ಏಂಜಲಿಸ್‌ನಲ್ಲಿ ಮಗಳ ಮನೆಯಲ್ಲಿದ್ದಳು. ಫೋನಿನಲ್ಲಿ ಕೇಳಿದರೆ, “ನೂನೆಯನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಜೂನಿನಲ್ಲಿ ಬರುತ್ತೇನೆ. ಕಾಯಿ” ಎಂದಳು. ಕಾಯುವ ತಾಳ್ಮೆ ನಿರುಪಮಾಳಲ್ಲಿ ಉಳಿದಿರಲಿಲ್ಲ. ನಾಲ್ಕು ಮಧ್ಯಾಹ್ನ ಊಟದ ಮೇಜಿನ ಮುಂದೆ ಕೂತು ಕೊನೆಯನ್ನು ತಾನೇ ಬರೆದಳು. ತನ್ನ ಕೈಯಿಂದ ಇಂಥ ವಾಕ್ಯಗಳು ಹೊರಡಬಲ್ಲವೆಂದು ಅವಳಿಗೇ ಗೊತ್ತಿರಲಿಲ್ಲ. ಬೇರೆಯವರ ಮಾತನ್ನು ಇಷ್ಟು ವರ್ಷ ದಾಟಿಸಿದವಳು ಮೊದಲ ಸಲ ತನ್ನದನ್ನು ಬರೆಯುತ್ತಿದ್ದಳು, ಅದೂ ಬರೀ ಹಗೆಯಿಂದ. ಹಾಯೆನಿಸುತ್ತಿತ್ತು.

ತಿರುಮಲನ ಒಂದು ಜಂಬ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ಯಾವುದನ್ನೂ ಮೊದಲೇ ಓದಿಕೊಳ್ಳುತ್ತಿರಲಿಲ್ಲ. ಕೂಟಗಳಲ್ಲಿ ಮಕ್ಕಳ ನೃತ್ಯವೊಂದನ್ನು ಬಿಟ್ಟರೆ ಯಾವುದಕ್ಕೂ ತಾಲೀಮು ಇರುವುದಿಲ್ಲ ಬಿಡಿ, ಆದರೆ ಇವನಿಗೆ ಅದೇ ಒಂದು ಬಿರುದು. ‘ಪೇಪರ್ ಕೈಗೆ ಕೊಡಿ ಸಾಕು, ನೋಡ್ತಾ ನೋಡ್ತಾ ಓದ್ತೀನಿ’ ಎನ್ನುತ್ತಿದ್ದ. ಅವಳು ಹಬ್ಬದ ದಿನದವರೆಗೂ ತಡಮಾಡಿ, ಡಾಲಸ್ಸಿನ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಹನ್ನೊಂದು ಹಾಳೆಗಳನ್ನು ಅವನ ಕೈಗಿಟ್ಟಳು. ಅವನು ಮೊದಲ ಹಾಳೆಯ ಮೇಲೆ ಕಣ್ಣಾಡಿಸಿ, “ಸೂಪರ್ ಮೇಡಂ” ಎಂದು ಜುಬ್ಬದ ಜೇಬಿಗಿಳಿಸಿದ.

ಸಭಾಂಗಣದಲ್ಲಿ ನಾನೂರು ಜನ. ನಿರುಪಮಾ ಆ ದಿನ ಬಡಿಸಲು ಹೋಗಲಿಲ್ಲ. ಹಸಿರು ಇಳಕಲ್ ಸೀರೆ ಉಟ್ಟು, ಎಣಿಸಿಕೊಂಡು ಆರನೆಯ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಗದಿಗೆಪ್ಪ. ಅವನಿಗೆ ಏನೂ ತಿಳಿಯದು. ಹೂಸ್ಟನ್ ಕೂಟದ ಅಧ್ಯಕ್ಷೆ, ಮೈಸೂರಿನ ಹಿರಿಯ ಹೆಂಗಸು ವಿಜಯಮ್ಮ, ತಿರುಮಲನಿಗೆ ಶಾಲು ಹೊದಿಸಿದರು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ.

ಓದುವುದನ್ನು ಚೆನ್ನಾಗಿಯೇ ಓದುತ್ತಿದ್ದ, ಅಷ್ಟು ಒಪ್ಪಬೇಕು. ಬೆಸ ದಿನದವಳು ಯೆರೆವಾನಿನ ಚೌಕದಲ್ಲಿ, ತನ್ನನ್ನು ಸನ್ಮಾನಿಸಲು ಸೇರಿದ ಜನರೆದುರು ಒಂದು ಕಾಗದ ಹಿಡಿದು ನಿಂತಿದ್ದಾಳೆ. ಇಲ್ಲಿಂದ ಕಥೆ ಅವಳ ಬಾಯಿಯಲ್ಲೇ ನಡೆಯುತ್ತದೆ. ತಿರುಮಲ ಎದೆಯ ಮೇಲೆ ಕೈಯಿಟ್ಟುಕೊಂಡು ಓದಿದ:

“ಸಭಿಕರೇ, ನೀವು ಮೆಚ್ಚಿದ ಮಾತುಗಳು ನನ್ನವಲ್ಲ. ಇನ್ನೊಬ್ಬಳು ತನ್ನ ದಿನಗಳಲ್ಲಿ ಬರೆದಿಟ್ಟದ್ದನ್ನು ನಾನು ನನ್ನ ದಿನ ಎದ್ದು ನನ್ನದೆಂದುಕೊಂಡೆ. ನೀವು ಹೊದಿಸಿದ ಈ ಶಾಲು ಅವಳದು. ಅವಳು ಕೇಳಿದಾಗ, ಸುಮ್ಮನಿರು, ನನ್ನ ಹೆಸರಿದ್ದರೆ ನಾಲ್ಕು ಜನ ಓದುತ್ತಾರೆ ಎಂದೆ.”

ಜನ ಚಪ್ಪಾಳೆ ತಟ್ಟಿದರು. ಎಂಥ ಅಭಿನಯ! ತಿರುಮಲನ ಹಣೆಯಲ್ಲಿ ಮಾತ್ರ ಸಣ್ಣ ಗೆರೆಯೊಂದು ಮೂಡಿತು. ಆದರೆ ಚಪ್ಪಾಳೆ ಬಿದ್ದ ಮೇಲೆ ನಿಲ್ಲುವ ಜಾತಿಯವನಲ್ಲವಲ್ಲ, ನಾಲಿಗೆ ಮುಂದೆ ಓಡಿತು.

“ಅವಳ ಗಂಡನ ಅನ್ನ ನನ್ನ ಒಂದು ಸಹಿಯಲ್ಲಿದೆ ಎಂದು ನನಗೆ ಗೊತ್ತಿತ್ತು. ಅದನ್ನೇ ತೋರಿಸಿ ಅವಳ ಬಾಯಿ ಮುಚ್ಚಿಸಿದೆ. ಅವಳು ಈಗ ಇದೇ ಸಭೆಯಲ್ಲಿದ್ದಾಳೆ. ಆರನೆಯ ಸಾಲಿನಲ್ಲಿ, ಹಸಿರು ಸೀರೆಯಲ್ಲಿ. ಅವಳ ಹೆಸರು–”

ನಿಂತ. ನಾನೂರು ತಲೆಗಳು ಆರನೆಯ ಸಾಲಿನತ್ತ ತಿರುಗಿದವು. ತಿರುಮಲ ಹಾಳೆ ನೋಡಿದ, ಅವಳನ್ನು ನೋಡಿದ, ಮತ್ತೆ ಹಾಳೆ ನೋಡಿದ. ಮುಖದ ರಕ್ತವೆಲ್ಲ ಇಳಿದುಹೋಯಿತು. ಅದನ್ನು ನಿರುಪಮಾ ಕಣ್ತುಂಬ ಕುಡಿದಳು. ವರ್ಷವಿಡೀ ಅವಳು ಬಯಸಿದ್ದು ಆ ಮುಖವನ್ನೇ.

“ಕ್ಷಮಿಸಿ, ಮುಂದಿನ ಹಾಳೆ... ಎಲ್ಲೋ ಮಿಸ್ ಆಗಿದೆ” ಎಂದ ತಿರುಮಲ. “ಊಟದ ನಂತರ ಮುಂದುವರಿಸೋಣ.”

ಅವಳ ಲೆಕ್ಕದಲ್ಲಿ ಅವನ ಬಾಯಿಂದಲೇ ತನ್ನ ಹೆಸರು ಹೊರಡಬೇಕಾಗಿತ್ತು. ಒಂದು ಪದದ ಅಂತರದಲ್ಲಿ ಕಳ್ಳ ಜಾರಿಕೊಳ್ಳುತ್ತಿದ್ದ. ಜನ ಊಟಕ್ಕೆ ಏಳುವ ಸದ್ದೂ ಶುರುವಾಯಿತು. ಆಗ ನಿರುಪಮಾ ಎದ್ದು ನಿಂತಳು.

“ಹಾಳಿ ಎಲ್ಲೂ ಹೋಗಿಲ್ರಿ ತಿರುಮಲ ಅವರ. ನಿಮ್ಮ ಕೈಯಾಗನ ಐತಿ.”

ಮೈಕಿಲ್ಲದೆಯೂ ಅದು ಹಿಂದಿನ ಸಾಲಿಗೆ ಕೇಳಿಸಿತು. ವಿಜಯಮ್ಮ ವೇದಿಕೆಯ ಅಂಚಿಗೆ ಬಂದು ಕನ್ನಡಕ ಸರಿಮಾಡಿಕೊಂಡರು. “ಯಾರಮ್ಮ ನೀನು? ಗದಿಗೆಪ್ಪನವರ ಮಿಸೆಸ್ ಅಲ್ವೇ? ಏನ್ ನಿನ್ ಹೆಸ್ರು?”

ಆರು ವರ್ಷ ಅವಳ ಕೈಯ ಪಲಾವು ಉಂಡವರು ಕೇಳಿದ ಪ್ರಶ್ನೆ ಅದು.

“ನನ್ನ ಹೆಸರು ನಿರುಪಮಾರಿ. ಈ ಕಥಿ ಆರುಸ್ಯಾಕ್ ಅನ್ನೋ ಅರ್ಮೇನಿಯಾದ ಅಜ್ಜೀದು. ಕನ್ನಡ ನಂದು. ಇದರಾಗ ಇವರದು ಒಂದಕ್ಷರಾನೂ ಇಲ್ಲ. ಇಲ್ಲ ಅಂತಂದ್ರ, ಯೆರೆವಾನ್ ಎಲ್ಲೈತಿ ಅಂತ ಇವರನ್ನ ಕೇಳ್ರಿ.”

ವಿಜಯಮ್ಮ ಕೇಳಿಯೇ ಬಿಟ್ಟರು. ತಿರುಮಲ ಹಾಳೆ ಮಡಚುತ್ತ, “ರಷ್ಯಾ ಕಡೆ...” ಎಂದ. ಯಾರೋ ಹಿಂದಿನಿಂದ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಅವನು ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಪಕ್ಕದ ಬಾಗಿಲಿನಿಂದ ಹೊರಟುಹೋದ.

ಆ ದಿನ ಬಿಸಿಬೇಳೆ ಭಾತು ಎಷ್ಟು ರುಚಿಯಾಗಿತ್ತೆಂದರೆ ನಿರುಪಮಾ ಮೂರು ಸಲ ಬಡಿಸಿಕೊಂಡಳು. ಹೆಂಗಸರು ಬಂದು ಬಂದು ಮಾತಾಡಿಸಿದರು. ವಿಜಯಮ್ಮ ಕೈ ಹಿಡಿದುಕೊಂಡು, “ಪೂರ್ತಿ ಕಥೆ ಮತ್ತೆ ಅಚ್ಚು ಹಾಕಿಸ್ತೀನಮ್ಮ, ಸರಿಯಾದ ಹೆಸರಲ್ಲಿ. ಆ ಕೊನೆ ಇದ್ಯಲ್ಲ, ಮೈ ಜುಂ ಅಂತು. ಆ ಅಜ್ಜಿಗೆ ಹೇಳು” ಎಂದರು. “ಹೇಳ್ತೀನ್ರಿ” ಎಂದಳು ನಿರುಪಮಾ. ಕೊನೆ ಅಜ್ಜಿಯದಲ್ಲ ಎನ್ನುವ ಮಾತು ಬಾಯಿಯವರೆಗೆ ಬಂದು, ಭಾತಿನ ಜೊತೆ ಒಳಗೆ ಹೋಯಿತು.

ವಾಪಸು ಬರುವಾಗ ಗದಿಗೆಪ್ಪ ನೂರು ಮೈಲಿ ಮಾತಾಡದೆ ಡ್ರೈವ್ ಮಾಡಿದ. ಆಮೇಲೆ ಇದ್ದಕ್ಕಿದ್ದಂತೆ, “‘ರಷ್ಯಾ ಕಡೆ’ ಅಂದ ನೋಡು” ಎಂದು ನಗಲು ಶುರುಮಾಡಿದ. ಅವಳೂ ನಕ್ಕಳು. ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಅಷ್ಟು ನಕ್ಕಿರಲಿಲ್ಲ.

ತಿರುಮಲ ಸಂಪಾದಕತ್ವ ಬಿಟ್ಟ, ಕೂಟಕ್ಕೆ ಬರುವುದನ್ನೂ ಬಿಟ್ಟ. ಅಂಗಡಿಯಲ್ಲಿ ಎದುರಾದರೆ ತಳ್ಳುಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದ. ಒಂದು ಸಲ ನಿರುಪಮಾ ಬೇಕೆಂದೇ ಇನ್ನೊಂದು ಸಾಲಿನಿಂದ ಸುತ್ತಿ ಬಂದು ಅವನೆದುರು ನಿಂತಳು. ನಾಚಿಕೆಯೇನೂ ಆಗಲಿಲ್ಲ ಅವಳಿಗೆ.

ಜೂನಿನಲ್ಲಿ ಆರುಸ್ಯಾಕ್ ಬಂದಳು. ವಿಜಯಮ್ಮ ಕಳಿಸಿದ ಕರಡು ಅಚ್ಚನ್ನು ಎತ್ತಿಕೊಂಡು ನಿರುಪಮಾ ಓಡಿದಳು. ಮೊದಲ ಪುಟದಲ್ಲಿ ಇಬ್ಬರ ಹೆಸರೂ ಇತ್ತು. ನಡೆದದ್ದನ್ನೆಲ್ಲ ಒಂದೇ ಸಮನೆ ಹೇಳಿ, ತಾನು ಬರೆದ ಕೊನೆಯನ್ನು ರಷ್ಯನ್ನಿನಲ್ಲಿ ಓದಿದಳು. ಮುದುಕಿ ಒಲೆ ಆರಿಸಿ ಕೂತು ಕೇಳಿದಳು.

“ನನ್ನ ಬೆಸ ದಿನದವಳು ಕಳ್ಳಿಯಲ್ಲ” ಎಂದಳು ಓದು ಮುಗಿದ ಮೇಲೆ. “ಅವಳಿಗೂ ಒಂದು ದೇಹವಿತ್ತು, ನಿರಾ. ಅದನ್ನು ಕಿತ್ತುಕೊಂಡು ತಣ್ಣಗೆ ಇಟ್ಟಿದ್ದಾರೆ. ಅವಳನ್ನು ಅರ್ಥಮಾಡಿಕೊಳ್ಳಲಾಗದೆಯೇ ನಾನು ಮೂರು ವರ್ಷದಿಂದ ಕೊನೆಯನ್ನು ಬರೆಯದೆ ಇಟ್ಟಿದ್ದೆ. ನೀನು ನಾಲ್ಕು ದಿನದಲ್ಲಿ ಅವಳನ್ನು ಚೌಕಕ್ಕೆ ಎಳೆದು ನಿಲ್ಲಿಸಿದೆ.”

“ಬೇರೆ ದಾರಿ ಇರಲಿಲ್ಲ ನನಗೆ.”

“ಎದ್ದು ನಿಂತು ಹೆಸರು ಹೇಳುವುದು ಒಂದು ದಾರಿ. ಕಡೆಗೆ ಅದನ್ನೇ ಮಾಡಿದೆಯಲ್ಲ. ಅದಕ್ಕೆ ನನ್ನ ಕಥೆ ಏಕೆ ಬೇಕಾಯಿತು?”

ಆರುಸ್ಯಾಕ್ ಕರಡನ್ನು ತನ್ನ ಕಡೆ ಎಳೆದುಕೊಂಡು, “ಇದರಲ್ಲಿ ನನ್ನ ಹೆಸರು ಯಾವುದು?” ಎಂದು ಕೇಳಿದಳು. ನಿರುಪಮಾ ಬೆರಳಿಟ್ಟು ತೋರಿಸಿದಳು. ಮುದುಕಿ ಫ್ರಿಜ್ಜಿನ ಮೇಲಿದ್ದ ಪೆನ್ನು ತೆಗೆದು, ತನಗೆ ಓದಲು ಬಾರದ ಆ ಅಕ್ಷರಗಳನ್ನು ನಿಧಾನವಾಗಿ ಹೊಡೆದು ಹಾಕಿದಳು. ಬೈಯಲಿಲ್ಲ, ಕೂಗಾಡಲಿಲ್ಲ. ಹಾಳೆಯಲ್ಲಿ ಉಳಿದದ್ದು ನಿರುಪಮಾಳೊಬ್ಬಳ ಹೆಸರು.

“ಇನ್ನು ಇದು ನಿನ್ನದು. ಅಚ್ಚು ಹಾಕಿಸಿಕೋ.”

“ಹಾಗಾದರೆ ನೂನೆ ಏನಾಗುತ್ತಾಳೆ?” ನಿರುಪಮಾ ಅಳುತ್ತ ಕೇಳಿದಳು. “ಅದನ್ನಾದರೂ ಹೇಳಿ.”

“ಬರೆಯುತ್ತೇನೆ” ಎಂದಳು ಆರುಸ್ಯಾಕ್. “ಅರ್ಮೇನಿಯನ್ನಿನಲ್ಲಿ.”

ಆ ಭಾಷೆಯ ಒಂದಕ್ಷರವೂ ನಿರುಪಮಾಳಿಗೆ ಬರುತ್ತಿರಲಿಲ್ಲ.